ಮೊದಲು ಲೆನ್ಸ್, ಆಮೇಲೆ ಬಾಡಿ: ಹವ್ಯಾಸಿಗಳು ಕ್ಯಾಮೆರಾ ಕೊಳ್ಳುವ ಬಗೆ

ಕ್ಯಾಮೆರಾ ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಬಾಡಿಯ ಮೇಲೆ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ ಮೇಲೆ. ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ವಿಚಾರಿಸಿ, ಇದ್ದ ದುಡ್ಡನ್ನೆಲ್ಲ ಅದಕ್ಕೇ ಸುರಿದು, ಜೊತೆಗೆ ಕೊಡುವ 18-55 ಮಿ.ಮೀ. ಕಿಟ್ ಲೆನ್ಸ್ ಹಿಡಿದು ಮನೆಗೆ ಬರುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ಹಕ್ಕಿ ಚುಕ್ಕೆಯಷ್ಟೇ ಬರುತ್ತದೆ, ರಾತ್ರಿ ಯಕ್ಷಗಾನದ ಆಟದ ಫೋಟೋ ಎಲ್ಲ ಮಸುಕು ಎಂಬ ಕೊರಗು ಶುರುವಾಗುತ್ತದೆ. ಹತ್ತಕ್ಕೆ ಒಂಬತ್ತು ಸಲ ಅದಕ್ಕೆ ಕಾರಣ ಲೆನ್ಸ್, ಬಾಡಿಯಲ್ಲ. ಬಾಡಿಗಳಲ್ಲಿ ಪ್ರತಿ ಎರಡು-ಮೂರು ವರ್ಷಕ್ಕೊಂದು ಹೊಸ ಮಾದರಿ ಬಂದು ಹಳೆಯದರ ಬೆಲೆ ಇಳಿಯುತ್ತದೆ. ಚೆನ್ನಾಗಿ ನೋಡಿಕೊಂಡ ಲೆನ್ಸ್ ಹದಿನೈದು-ಇಪ್ಪತ್ತು ವರ್ಷ ಬಾಳುತ್ತದೆ. ನೂರು ರೂಪಾಯಿ ಇದ್ದರೆ ಅರವತ್ತು ಲೆನ್ಸಿಗೆ, ನಲವತ್ತು ಬಾಡಿಗೆ ಎತ್ತಿಡಿ.

ಅದಕ್ಕೂ ಮೊದಲು ಏನು ತೆಗೆಯಬೇಕು ಎಂಬುದು ಖಚಿತವಾಗಲಿ. ಮೊಬೈಲಿನಲ್ಲಿರುವ ಕಳೆದ ಒಂದು ವರ್ಷದ ಫೋಟೋಗಳನ್ನು ತಿರುವಿಹಾಕಿ. ಮನೆಯವರ ಮುಖಗಳೇ ಹೆಚ್ಚೋ, ಊರ ಜಾತ್ರೆಯೋ, ಬೆಟ್ಟವೋ, ಹಿತ್ತಲಿನ ಹಕ್ಕಿಯೋ? ಮೊಬೈಲ್ ಎಲ್ಲಿ ಕೈಕೊಟ್ಟಿದೆ? ಅಲ್ಲಿಂದಲೇ ಲೆನ್ಸ್ ಹುಡುಕಲು ಶುರುಮಾಡಿ. ನಮ್ಮ ಕಡೆ ಹೆಚ್ಚಿನ ಹವ್ಯಾಸಿಗಳು ಎಡವುವುದು ಎರಡು ಕಡೆ: ಒಂದು ದೂರದ ಹಕ್ಕಿ, ಇನ್ನೊಂದು ಕತ್ತಲೆಯ ರಂಗ. ಎರಡಕ್ಕೂ ಸರಳ ಲೆಕ್ಕವಿದೆ.

ಹಕ್ಕಿಗೆ ದೂರದ ಲೆಕ್ಕ

ಸೆನ್ಸರಿನ (ಬೆಳಕು ಹಿಡಿಯುವ ಚಿಪ್‌ನ) ಅಗಲವನ್ನು ಫೋಕಲ್ ಲೆಂಗ್ತ್‌ನಿಂದ (ಲೆನ್ಸಿನ ಮೇಲೆ ಬರೆದ ಮಿ.ಮೀ. ಸಂಖ್ಯೆಯಿಂದ) ಭಾಗಿಸಿ, ದೂರದಿಂದ ಗುಣಿಸಿ. ಬಂದದ್ದು ಆ ದೂರದಲ್ಲಿ ಫ್ರೇಮಿನೊಳಗೆ ಹಿಡಿಸುವ ಜಾಗದ ಅಗಲ. ನಿಕಾನ್, ಸೋನಿ, ಫ್ಯೂಜಿಗಳ ಕ್ರಾಪ್ (ಫುಲ್ ಫ್ರೇಮಿಗಿಂತ ಚಿಕ್ಕ) ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ., ಕ್ಯಾನನ್‌ದು 22.3, ಫುಲ್ ಫ್ರೇಮ್ 36, ಮೈಕ್ರೋ ಫೋರ್ ಥರ್ಡ್ಸ್ 17.3.

ಕೆರೆ ಏರಿಯ ಮೇಲೆ ನಿಂತಿದ್ದೀರಿ, 20 ಮೀಟರ್ ಆಚೆ ಜೊಂಡಿನ ಮೇಲೆ ಮಿಂಚುಳ್ಳಿ ಕೂತಿದೆ ಎಂದಿಟ್ಟುಕೊಳ್ಳಿ. ಅದರ ಉದ್ದ ಸುಮಾರು 16 ಸೆಂ.ಮೀ. ಕ್ರಾಪ್ ಬಾಡಿಗೆ 300 ಮಿ.ಮೀ. ಲೆನ್ಸ್ ಹಾಕಿದರೆ ಫ್ರೇಮಿನ ಅಗಲ 1.57 ಮೀಟರ್, ಹಕ್ಕಿ ಅದರ ಹತ್ತನೇ ಒಂದು ಪಾಲು. 24 ಮೆಗಾಪಿಕ್ಸೆಲ್ ಚಿತ್ರ 6000 ಪಿಕ್ಸೆಲ್ ಅಗಲವಿರುವುದರಿಂದ ಹಕ್ಕಿಗೆ ಸಿಗುವುದು 600 ಚಿಲ್ಲರೆ ಪಿಕ್ಸೆಲ್. ಮೊಬೈಲ್ ಪರದೆಯಲ್ಲಿ ನೋಡಲು ಸಾಕು, ಗೋಡೆಗೆ ತೂಗುಹಾಕಲು ಸಾಲದು. 600 ಮಿ.ಮೀ. ಹಾಕಿದರೆ 1200 ಪಿಕ್ಸೆಲ್ ಆಗುತ್ತದೆ, ಗರಿಯ ಗೆರೆಗಳು ಮೂಡುತ್ತವೆ. 300 ಇಟ್ಟುಕೊಂಡೇ 10 ಮೀಟರ್‌ವರೆಗೆ ಮೆಲ್ಲಗೆ ಹತ್ತಿರ ಹೋದರೂ ಫಲ ಅಷ್ಟೇ. ಬೇಸಿಗೆಯ ಮಧ್ಯಾಹ್ನವಾದರೆ ಹತ್ತಿರ ಹೋಗುವುದೇ ಮೇಲು: ನೀರಿನ ಮೇಲೆ ಬಿಸಿಗಾಳಿ ನಡುಗುವಾಗ ಎಷ್ಟು ದುಬಾರಿ ಲೆನ್ಸ್ ಇದ್ದರೂ ದೂರದ ಚಿತ್ರ ಕದಡುತ್ತದೆ.

ಇದೇ ಲೆಕ್ಕ ರಂಗನತಿಟ್ಟಿನಲ್ಲಿ ಬೇರೆ ಉತ್ತರ ಕೊಡುತ್ತದೆ. ಅಲ್ಲಿ ದೋಣಿ ಗೂಡುಗಳ ಹತ್ತಿರಕ್ಕೇ ಹೋಗುತ್ತದೆ, ಬಣ್ಣದ ಕೊಕ್ಕರೆ ಒಂದು ಮೀಟರಿನಷ್ಟು ಎತ್ತರದ ಹಕ್ಕಿ. 70-300 ಲೆನ್ಸ್ ಧಾರಾಳವಾಗಿ ಸಾಕು. 600ರಲ್ಲಿ ರೆಕ್ಕೆ ಬಿಚ್ಚಿದ ಕೊಕ್ಕರೆ ಫ್ರೇಮಿನಾಚೆ ಹೋಗುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲೂ ಹಾಗೆಯೇ, ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ನೀವು ಹೆಚ್ಚಾಗಿ ಹೋಗುವ ಜಾಗ ಇಂಥದ್ದಾದರೆ ಭಾರದ ಲೆನ್ಸಿಗೆ ದುಡ್ಡು ಹಾಕಬೇಡಿ. ದೋಣಿಗೆ ಟ್ರೈಪಾಡೂ ಬೇಡ, ದೋಣಿಯ ಅಲುಗಾಟವೆಲ್ಲ ಕಾಲುಗಳ ಮೂಲಕ ಲೆನ್ಸಿಗೇ ಏರುತ್ತದೆ.

ತೂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಕಾನ್ 200-500 ಎಫ್/5.6 ಟ್ರೈಪಾಡಿಗೆ ಕೂರಿಸುವ ತನ್ನ ಕಾಲರ್ ಸೇರಿ 2.3 ಕೆ.ಜಿ. ಸಿಗ್ಮಾ 150-600 ಕಾಂಟೆಂಪರರಿ ಎರಡು ಕೆ.ಜಿ.ಗೆ ಸ್ವಲ್ಪ ಕಡಿಮೆ, ಸೋನಿ 200-600 ಸ್ವಲ್ಪ ಜಾಸ್ತಿ. ಕ್ಯಾನನ್ ಆರ್‌ಎಫ್ 100-400 ಬರೀ 635 ಗ್ರಾಂ, ಆದರೆ 400ರ ತುದಿಯಲ್ಲಿ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/8; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಬೆಳಗಿನ ಒಳ್ಳೆಯ ಬಿಸಿಲಿನಲ್ಲಿ ತೊಂದರೆಯಿಲ್ಲ, ಕಾಡಿನ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸದೆ ಗತಿಯಿಲ್ಲ. ಎರಡು ಕೆ.ಜಿ. ಲೆನ್ಸನ್ನು ಅಂಗಡಿಯಲ್ಲಿ ಹತ್ತು ಸೆಕೆಂಡ್ ಎತ್ತಿ ನೋಡಿ ಒಪ್ಪಬೇಡಿ. ಮನೆಯಲ್ಲಿ ಎರಡು ಲೀಟರ್ ನೀರಿನ ಬಾಟಲಿಯನ್ನು ಕಣ್ಣಿನ ಮಟ್ಟದಲ್ಲಿ ಮೂರು ನಿಮಿಷ ಹಿಡಿದುಕೊಳ್ಳಿ, ತೋಳೇ ಉತ್ತರ ಹೇಳುತ್ತದೆ.

ರಾತ್ರಿ ಆಟಕ್ಕೆ ಬೆಳಕಿನ ಲೆಕ್ಕ

ಯಕ್ಷಗಾನ, ನಾಟಕ, ದೀಪದ ಬೆಳಕಿನ ಉತ್ಸವ, ಮನೆಯೊಳಗಿನ ನಾಮಕರಣ. ಇಲ್ಲೆಲ್ಲ ಬೇಕಾದದ್ದು ಬೆಳಕು ನುಂಗುವ ಲೆನ್ಸ್. ಕಿಟ್ ಲೆನ್ಸ್ 55ಕ್ಕೆ ಹೋದಾಗ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/2.8 ಅದರ ನಾಲ್ಕು ಪಟ್ಟು, ಎಫ್/1.8 ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಬಿಡುತ್ತದೆ. ಕುಣಿತವನ್ನು 1/250 ಸೆಕೆಂಡಿನಲ್ಲಿ ಹಿಡಿಯಲು ಕಿಟ್ ಲೆನ್ಸಿಗೆ ಐಎಸ್‌ಒ 12800 ಬೇಕಾಗುವ ಬೆಳಕಿನಲ್ಲಿ ಎಫ್/2.8ಕ್ಕೆ 3200, ಎಫ್/1.8ಕ್ಕೆ 1250-1600 ಸಾಕು. ಹೊಸ ಬಾಡಿ ಕೊಂಡು ಇಷ್ಟು ಲಾಭ ಪಡೆಯಲು ಸಾಧ್ಯವೇ ಇಲ್ಲ. ಅದನ್ನು ಅಗ್ಗದ 50 ಮಿ.ಮೀ. ಎಫ್/1.8 ಮಾಡಿಕೊಡುತ್ತದೆ. ಕ್ಯಾನನ್ ಇಎಫ್ 50 ಎಸ್‌ಟಿಎಮ್ ತೂಗುವುದು 160 ಗ್ರಾಂ.

ರಂಗಸ್ಥಳದಿಂದ ಆರು ಮೀಟರ್ ದೂರ ಕೂತಿದ್ದೀರಿ. ಕ್ರಾಪ್ ಬಾಡಿಗೆ 50 ಮಿ.ಮೀ. ಹಾಕಿ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ 2.8 ಮೀಟರ್ ಎತ್ತರ ಹಿಡಿಸುತ್ತದೆ: ವೇಷಧಾರಿ ಕಿರೀಟದಿಂದ ಗೆಜ್ಜೆಯವರೆಗೆ, ಜಿಗಿತಕ್ಕೂ ಒಂದಿಷ್ಟು ಜಾಗ ಉಳಿಸಿಕೊಂಡು ಒಳಗೆ ಬರುತ್ತಾನೆ. 85 ಹಾಕಿದರೆ 1.66 ಮೀಟರ್ ಮಾತ್ರ. ಮುಖಭಾವಕ್ಕೆ, ಅರ್ಧ ವೇಷಕ್ಕೆ ಸೊಗಸು, ಇಡೀ ಕುಣಿತಕ್ಕೆ ಇಕ್ಕಟ್ಟು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವುದನ್ನು ತೆಗೆಯಬೇಕೆಂದರೆ 50 ಕೂಡ ಉದ್ದವಾಯಿತು, ಅಲ್ಲಿ 35 ಎಫ್/1.8 ಬೇಕು. ಕ್ರಾಪ್ ಬಾಡಿ ಇಟ್ಟುಕೊಂಡವರು ಒಂದೇ ಪ್ರೈಮ್ (ಝೂಮ್ ಇಲ್ಲದ ಲೆನ್ಸ್) ಕೊಳ್ಳುವುದಾದರೆ 35 ಕೊಳ್ಳಿ. ಮನೆಯ ಹಜಾರದಲ್ಲಿ 50 ಹಿಡಿದು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ತಾಗಿಸಿಕೊಳ್ಳುವುದು ಪೂರಾ ಬೇಸರದ ಕೆಲಸ.

ಎಫ್/1.8ಕ್ಕೆ ತೆರಬೇಕಾದ ಬೆಲೆಯೂ ಇದೆ. ಕ್ರಾಪ್ ಬಾಡಿಯಲ್ಲಿ ಎರಡು ಮೀಟರ್ ದೂರದ ಮುಖಕ್ಕೆ 50 ಮಿ.ಮೀ. ಲೆನ್ಸನ್ನು ಪೂರ್ತಿ ತೆರೆದರೆ ಸ್ಫುಟವಾಗಿ ಬರುವ ಆಳ 11 ಸೆಂ.ಮೀ. ಆಸುಪಾಸು, ಒಂದು ಮೀಟರಿಗೆ ಬಂದರೆ ಮೂರು ಸೆಂ.ಮೀ.ಗೂ ಕಡಿಮೆ. ಒಂದು ಕಣ್ಣು ಚೂಪು, ಇನ್ನೊಂದು ಮಂಜು ಎಂದಾದರೆ ಲೆನ್ಸ್ ಕೆಟ್ಟಿದೆ ಎಂದುಕೊಳ್ಳಬೇಡಿ; ಅಪರ್ಚರನ್ನು ಎಫ್/2.8ಕ್ಕೆ ಕಿರಿದು ಮಾಡಿ ನೋಡಿ. ಇನ್ನೊಂದು ತಪ್ಪು ತಿಳಿವಳಿಕೆ ಸ್ಟೆಬಿಲೈಸೇಶನ್ ಬಗ್ಗೆ. ಅದು ನಿಮ್ಮ ಕೈನಡುಕವನ್ನು ತಡೆಯುತ್ತದೆ, ಗಿರಕಿ ಹೊಡೆಯುವವರನ್ನು ನಿಲ್ಲಿಸುವುದಿಲ್ಲ.

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಬಾಡಿಗಳ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ರಂಗದ ಮುಂದೆ ಬಳಸಲು ಮನಸ್ಸಾಗುತ್ತದೆ. ಎಲ್‌ಇಡಿ ದೀಪಗಳಡಿ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ ಅದಕ್ಕೆ ಕಾರಣ ಇದೇ: ಸೆನ್ಸರ್ ಸಾಲು ಸಾಲಾಗಿ ಓದುವಷ್ಟರಲ್ಲಿ ದೀಪ ಹಲವು ಸಲ ಮಿನುಗಿರುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಇದ್ದರೆ ಹಾಕಿಕೊಳ್ಳಿ.

ಮೌಂಟ್ ಎಂಬ ಮದುವೆ

ಲೆನ್ಸ್ ತೀರ್ಮಾನವಾದ ಮೇಲೆ ಮೌಂಟ್ ನೋಡಿ, ಅಂದರೆ ಲೆನ್ಸ್ ಬಾಡಿಯ ಮೇಲೆ ಕೂರುವ ಉಂಗುರ. ನೀವು ಬಹುಕಾಲ ಕಟ್ಟಿಕೊಳ್ಳುವುದು ಬಾಡಿಯ ಜೊತೆಗಲ್ಲ, ಮೌಂಟಿನ ಜೊತೆಗೆ. ನಿಕಾನ್‌ನ ಎಫ್ ಮೌಂಟ್ 1959ರಿಂದ, ಕ್ಯಾನನ್‌ನ ಇಎಫ್ 1987ರಿಂದ ಇದೆ. ಹಾಗಾಗಿ ಹಳೆ ಲೆನ್ಸ್‌ಗಳು ರಾಶಿ ರಾಶಿ ಸಿಗುತ್ತವೆ. ಎರಡೂ ಕಂಪನಿಗಳು 2018ರಲ್ಲಿ ಮಿರರ್‌ಲೆಸ್‌ಗಾಗಿ ಝಡ್ ಮತ್ತು ಆರ್‌ಎಫ್ ಮೌಂಟ್ ತಂದವು. ಸೋನಿಯ ಇ ಮೌಂಟಿಗೆ ಬೇರೆ ಕಂಪನಿಗಳಾದ ಸಿಗ್ಮಾ, ಟ್ಯಾಮ್ರಾನ್‌ಗಳ ಲೆನ್ಸ್ ಹೇರಳ. ಆರ್‌ಎಫ್‌ಗೆ ಅವರ ಕ್ರಾಪ್ ಲೆನ್ಸ್‌ಗಳು ಬರತೊಡಗಿದ್ದು 2024ರಲ್ಲಿ.

ದುಡ್ಡು ಕೊಟ್ಟ ಮೇಲೆ ಗೊತ್ತಾಗುವ ತೊಡಕುಗಳು ಇಲ್ಲಿವೆ. ನಿಕಾನ್ ಡಿ3000, ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು 50 ಎಫ್/1.8 'ಎಎಫ್-ಡಿ' ತಂದರೆ ಕೈಯಲ್ಲೇ ತಿರುಗಿಸುತ್ತ ಕೂರಬೇಕು. ಹೆಸರಿನಲ್ಲಿ 'ಎಎಫ್-ಎಸ್' ಇರಬೇಕು. ಡಿ7000 ಸಾಲಿನಲ್ಲಿ ಮೋಟರ್ ಇದೆ. ಆದರೆ ಹೊಸ 'ಎಎಫ್-ಪಿ' ಲೆನ್ಸ್‌ಗಳು ಡಿ90, ಡಿ7000ದಂಥ ಹಳೆ ಬಾಡಿಗಳಲ್ಲಿ ಫೋಕಸ್ ಆಗುವುದೇ ಇಲ್ಲ, ಕೈಯಲ್ಲಿ ತಿರುಗಿಸಿದರೂ ಇಲ್ಲ. ಎಫ್‌ಟಿಝಡ್ ಅಡಾಪ್ಟರ್ ಮೂಲಕ ಝಡ್ ಬಾಡಿಗೆ ಹಾಕಿದಾಗ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳ ಆಟೋಫೋಕಸ್ ನಡೆಯುತ್ತದೆ, ಎಎಫ್-ಡಿಯದು ನಡೆಯುವುದಿಲ್ಲ. ಕ್ಯಾನನ್ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಹಾಕಿ ಆರ್‌ಎಫ್ ಬಾಡಿಯಲ್ಲಿ ಚೆನ್ನಾಗಿ ಓಡುತ್ತವೆ. ಆರ್‌ಎಫ್ ಲೆನ್ಸ್ ಮಾತ್ರ ಕನ್ನಡಿಯಿರುವ ಹಳೆ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ.

ಬಾಡಿಯಲ್ಲಿ ಇಷ್ಟಿದ್ದರೆ ಸಾಕು

ಹವ್ಯಾಸಕ್ಕೆ 20-24 ಮೆಗಾಪಿಕ್ಸೆಲ್ ಸಾಕು. ಅದರಾಚೆಗಿನ ಸಂಖ್ಯೆಗೆ ದುಡ್ಡು ಕೊಡಬೇಡಿ. ಕೊಡುವುದಿದ್ದರೆ ಶಟರ್ ವೇಗ, ಅಪರ್ಚರ್ ಬದಲಿಸಲು ಎರಡು ಡಯಲ್ ಇರುವ ಬಾಡಿಗೆ, ಹಕ್ಕಿಯ ಕಣ್ಣು ಹಿಡಿಯುವ ಆಟೋಫೋಕಸ್‌ಗೆ ಕೊಡಿ. ಸೋನಿ ಎ6400, ನಿಕಾನ್ ಝಡ್50, ಕ್ಯಾನನ್ ಆರ್10ರ ಬಾಡಿಯೊಳಗೆ ಸ್ಟೆಬಿಲೈಸೇಶನ್ ಇಲ್ಲ, ಕ್ಯಾನನ್ ಆರ್7ರಲ್ಲಿ, ಸೋನಿ ಎ6700ರಲ್ಲಿ ಇದೆ. ಮಿರರ್‌ಲೆಸ್ ಕೊಂಡರೆ ಎರಡನೇ ಬ್ಯಾಟರಿಯ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. ಹೊಸದಕ್ಕೆ ಜಿಎಸ್‌ಟಿ ಬಿಲ್ ಕೇಳಿ. ಬಿಲ್ಲು, ಪೆಟ್ಟಿಗೆ, ಬಾಡಿಯ ಅಡಿ, ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಟಾರ್ಚ್, ಖಾಲಿ ಮೆಮೊರಿ ಕಾರ್ಡ್, ಸಾಧ್ಯವಾದರೆ ಲ್ಯಾಪ್‌ಟಾಪ್ ಜೊತೆಗಿರಲಿ. ಹಗಲಲ್ಲೇ ಹೋಗಿ.

ಲೆನ್ಸಿಗೆ ಹಾಕಿದ ಯುವಿ ಫಿಲ್ಟರ್ ಬಿಚ್ಚಿಸಿ, ಎಷ್ಟೋ ಗೀರುಗಳು ಅದರಡಿ ಅಡಗಿರುತ್ತವೆ. ಬಾಡಿಯಿಂದ ಕಳಚಿ, ಹಿಂಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ನಿಕಾನ್‌ನ 'ಜಿ' ಲೆನ್ಸ್ ಕಳಚಿದಾಗ ಅಪರ್ಚರ್ ಮುಚ್ಚಿಕೊಂಡಿರುತ್ತದೆ. ಹಿಂದಿನ ಚಿಕ್ಕ ಲೋಹದ ಸನ್ನೆಯನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿ ಹಿಡಿದರೆ ತೆರೆಯುತ್ತದೆ. ಬಿಟ್ಟಾಗ ಅದು ಟಕ್ಕೆಂದು ವಾಪಸ್ ಬರಬೇಕು. ತಡವರಿಸಿದರೆ ಎಲೆಗಳಿಗೆ ಎಣ್ಣೆ ಹತ್ತಿದೆ, ಎಕ್ಸ್‌ಪೋಶರ್ ಒಂದೊಂದು ಚಿತ್ರಕ್ಕೆ ಒಂದೊಂದು ಥರ ಬರುತ್ತದೆ. ಗಾಜಿನೊಳಗೆ ನಾಲ್ಕಾರು ಧೂಳಿನ ಕಣ ಕಂಡರೆ ಹೆದರಬೇಕಿಲ್ಲ. ಅಂಚಿನಿಂದ ಬೇರಿನಂತೆ, ಜೇಡನ ಎಳೆಯಂತೆ ಕವಲೊಡೆದು ಒಳಗೆ ಹರಿದಿದ್ದರೆ ಅದು ಫಂಗಸ್. ಇಡೀ ಗಾಜು ನೀರುಹಾಲು ಸವರಿದಂತೆ ಕಂಡರೆ ಹೇಸ್; ಬೆಳಕಿಗೆ ಎದುರಾಗಿ ತೆಗೆದಾಗ ಚಿತ್ರ ಸಪ್ಪೆಯಾಗುತ್ತದೆ. ಎರಡನ್ನೂ ಬಿಟ್ಟು ಬನ್ನಿ. ಮೌಂಟಿನ ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ, ಫಿಲ್ಟರ್ ಉಂಗುರ ಸೊಟ್ಟಗಾಗಿದ್ದರೆ ಕೆಳಗೆ ಬಿದ್ದಿದೆ.

ಆಮೇಲೆ ಇಟ್ಟಿಗೆ ಗೋಡೆಗೆ ನೇರ ನಿಂತು ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಮಟ್ಟಿಗೆ ಮೆತ್ತಗಿದ್ದರೆ ಅದು ಆ ಲೆನ್ಸಿನ ಗುಣ. ಒಂದೇ ಮೂಲೆ ಮಸುಕಾದರೆ ಒಳಗಿನ ಗಾಜು ಓರೆಯಾಗಿದೆ.

ಬಾಡಿಯಲ್ಲಿ ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯನ್ನೋ ಆಕಾಶವನ್ನೋ ಫೋಕಸ್ ತಪ್ಪಿಸಿ ತೆಗೆಯಿರಿ. ಸೆನ್ಸರಿನ ಧೂಳು ಬೂದು ಚುಕ್ಕೆಗಳಾಗಿ ಕಾಣುತ್ತದೆ. ಧೂಳು ಹೋಗುತ್ತದೆ, ಗೆರೆಯಂಥ ಗುರುತು ಗೀರಾಗಿರಬಹುದು. ಶಟರ್ ಎಣಿಕೆ (ಶಟರ್ ಈವರೆಗೆ ಎಷ್ಟು ಸಲ ಓಡಿದೆ ಎಂಬ ಲೆಕ್ಕ) ನಿಕಾನ್‌ನಲ್ಲಿ ಫೋಟೋ ಫೈಲಿನೊಳಗೇ ದಾಖಲಾಗಿರುತ್ತದೆ. ಮೊದಲ ಮೆಟ್ಟಿಲಿನ ಡಿಎಸ್‌ಎಲ್‌ಆರ್ ಶಟರ್‌ಗಳನ್ನು ಸಾಮಾನ್ಯವಾಗಿ 1,00,000 ಬಾರಿಗೆ, ಡಿ7200ದಂಥವನ್ನು 1,50,000 ಬಾರಿಗೆ ಪರೀಕ್ಷಿಸಿರುತ್ತಾರೆ. ಅರ್ಧ ದಾಟಿದ್ದರೆ ಬೆಲೆ ಇಳಿಸಿ ಕೇಳಿ.

ಬೂಷ್ಟು ಹಿಡಿಯದಂತೆ

ಕರಾವಳಿ, ಮಲೆನಾಡಿನಲ್ಲಿರುವವರಿಗೆ ಇದು ಲೆನ್ಸ್ ಆಯ್ಕೆಯಷ್ಟೇ ಮುಖ್ಯ. ತೇವಾಂಶ ಶೇ. 60-65 ದಾಟಿದ ಕತ್ತಲೆ ಜಾಗದಲ್ಲಿ ಫಂಗಸ್ ಹಬ್ಬುತ್ತದೆ, ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ಕೊರೆಯುತ್ತದೆ. ಒರೆಸಿದ ಮೇಲೂ ಕಲೆ ಉಳಿಯಬಹುದು. ಚರ್ಮದ ಚೀಲ, ಬಟ್ಟೆ ಬೀರು ಎರಡೂ ಬೇಡ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಕಾಲು ಕೆ.ಜಿ. ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮಾಪಕ ಇಷ್ಟಿದ್ದರೆ ಸಾಕು. ಮುಳ್ಳು 40-50ರ ನಡುವೆ ಇರಲಿ. 30ಕ್ಕಿಂತ ಕೆಳಗೆ ಹೋಗಲು ಬಿಡಬೇಡಿ, ರಬ್ಬರಿಗೆ ಒಳ್ಳೆಯದಲ್ಲ. ಅಕ್ಕಿ ಹಾಕಿಡುವ ಉಪಾಯ ಕೈಬಿಡಿ, ಅದರ ಹುಡಿ ಲೆನ್ಸಿನ ಸಂದಿಗೆ ಸೇರುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಸಿರಿಗೆ ತಿರುಗಿದಾಗ 110-120 ಡಿಗ್ರಿಯ ಓವನ್‌ನಲ್ಲಿ ಬಣ್ಣ ಮರಳುವವರೆಗೆ ಒಣಗಿಸಿ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅದನ್ನು ಅಡುಗೆಯ ಓವನ್‌ಗೂ ಬಾಣಲೆಗೂ ಸೋಕಿಸಬೇಡಿ.

ಎಸಿ ಕಾರಿನಿಂದ ಉಡುಪಿ, ಮಂಗಳೂರಿನ ಸೆಕೆಗೆ ಇಳಿದ ಕೂಡಲೇ ಲೆನ್ಸ್ ಹೊರತೆಗೆದರೆ ಗಾಜಿನ ಮೇಲೆ ಹಬೆ ಕಟ್ಟುತ್ತದೆ, ಒಳಗೂ ಕಟ್ಟಬಹುದು. ಒರೆಸುತ್ತ ಕೂರಬೇಡಿ. ಚೀಲದ ಜಿಪ್ ಹಾಕಿದಂತೆಯೇ ಅರ್ಧ ಗಂಟೆ ಬಿಟ್ಟು ತೆಗೆಯಿರಿ.