ಕೊಳಕುಮಂಡಲ ಕಚ್ಚಿದ ಸಂಜೆ ನಾನು ಮಾಡಿದ್ದು, ಮಾಡಗೊಡದೆ ತಡೆದದ್ದು

ಭತ್ತದ ಸಿವುಡು ಹೊರುತ್ತಿದ್ದ ಸಂಜೆ, ನಮ್ಮ ಜೊತೆ ಕೆಲಸಕ್ಕಿದ್ದ ಹೆಂಗಸೊಬ್ಬರ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಇಲಿಯ ಬೇಟೆಗೆಂದು ಗದ್ದೆಗೆ ಬರುವ ಈ ಹಾವು ಹಗಲಲ್ಲಿ ಹುಲ್ಲಿನಡಿ ಸುರುಳಿ ಸುತ್ತಿ ಬಿದ್ದಿರುತ್ತದೆ. ಕಾಲ ಸಪ್ಪಳಕ್ಕೆ ಸರಿದುಹೋಗುವುದಕ್ಕಿಂತ ಇದ್ದಲ್ಲೇ ಉಳಿದು ಕುಕ್ಕರಿನ ಆವಿಯಂತೆ ಜೋರಾಗಿ ಬುಸುಗುಟ್ಟುವುದೇ ಹೆಚ್ಚು. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆಗಳಿರುವುದರಿಂದ ಇದನ್ನು ಹೆಬ್ಬಾವಿನ ಮರಿಯೆಂದು ತಿಳಿದು ಕೈಹಾಕುವವರಿದ್ದಾರೆ.

ನಾನು ಓಡಿ ಬರುವಷ್ಟರಲ್ಲಿ ಒಬ್ಬರು ಟವೆಲ್ ಹಿಡಿದು ಮೊಣಕಾಲಿನ ಕೆಳಗೆ ಬಿಗಿಯಲು ಸಿದ್ಧರಾಗಿದ್ದರು, ಇನ್ನೊಬ್ಬರು ಬ್ಲೇಡ್ ಹುಡುಕುತ್ತಿದ್ದರು. ಎರಡನ್ನೂ ತಡೆದೆ. ಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ, ಬಿಗಿದು ಕಟ್ಟಿದರೆ ರಕ್ತ ಸಂಚಾರವೂ ನಿಂತು ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ ಅದು ಕೆಡಿಸುವುದರಿಂದ ಕೊಯ್ದ ಗಾಯದ ರಕ್ತ ನಿಲ್ಲುವುದು ಕಷ್ಟ. ಅವರನ್ನು ಮಲಗಿಸಿ, ಪಾದ ಊದುವ ಮೊದಲೇ ಕಾಲುಂಗುರ, ಗೆಜ್ಜೆಗಳನ್ನು ಬಿಚ್ಚಿಸಿ, ಉದ್ದನೆಯ ಬಿದಿರ ಸೀಳನ್ನು ಕಾಲಿಗೆ ಆನಿಸಿ ಸಡಿಲವಾಗಿ ಬಟ್ಟೆ ಸುತ್ತಿದೆ. ಕಚ್ಚಿದ ಹೊತ್ತನ್ನು ಕೈಮೇಲೆ ಬರೆದುಕೊಂಡೆ. ಒಂದು ಹೆಜ್ಜೆಯನ್ನೂ ನಡೆಸದೆ ಎತ್ತಿಕೊಂಡೇ ರಸ್ತೆಗೆ ತಂದು, ಹಾವು ಹಿಡಿಯಲು ಹೊರಟವರನ್ನು ವಾಪಸು ಕರೆದು, ವಾಹನ ಹತ್ತಿಸಿದೆವು. ಔಷಧಿ ಕೊಡುವವರ ಮನೆಗೆ ಮೊದಲು ಹೋಗಿಬರೋಣವೆಂಬ ಮಾತು ದಾರಿಯಲ್ಲಿ ಎರಡು ಸಲ ಬಂತು. ನನಗೆ ಎಲ್ಲಕ್ಕಿಂತ ಭಯವಾದದ್ದು ಆಗಲೇ, ಏಕೆಂದರೆ ಈ ವಿಷಕ್ಕಿರುವ ಮದ್ದು ಪ್ರತಿವಿಷವೊಂದೇ, ಅದು ಸಿಗುವುದು ಆಸ್ಪತ್ರೆಯಲ್ಲಿ ಮಾತ್ರ.

ವೈದ್ಯರು ಒಣ ಗಾಜಿನ ಕೊಳವೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟರು. ಆಮೇಲೆ ಓರೆ ಮಾಡಿದಾಗ ಅದು ನೀರಿನಂತೆ ಹರಿಯಿತು; ಆ ಹೊತ್ತಿಗೆ ಅವರ ಒಸಡಿನಲ್ಲೂ ರಕ್ತ ಜಿನುಗುತ್ತಿತ್ತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಒಂದೇ ಪ್ರತಿವಿಷವಿರುವುದರಿಂದ ಹಾವನ್ನು ತಂದು ತೋರಿಸುವ ಅಗತ್ಯವೇ ಬೀಳಲಿಲ್ಲ. ಹತ್ತು ವಯಲ್‌ ಡ್ರಿಪ್ಪಿನಲ್ಲಿ ಹೋದವು. ಆರು ಗಂಟೆಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಕೊಳವೆಯಲ್ಲಿ ರಕ್ತ ಗಟ್ಟಿಯಾಗಿ ನಿಂತಿತ್ತು. ಈ ವಿಷಕ್ಕೆ ಮೂತ್ರಪಿಂಡಗಳೂ ಸೋಲುತ್ತವೆಯೆಂದು ದಾದಿಯರು ಮುಂದಿನ ದಿನಗಳಲ್ಲಿ ಪ್ರತಿ ಸಲದ ಮೂತ್ರವನ್ನೂ ಅಳೆದು ಬರೆದಿಡುತ್ತಿದ್ದರು. ಪ್ರಮಾಣ ಒಮ್ಮೆಯೂ ಇಳಿಯಲಿಲ್ಲ.