ಹೈಡೆಲ್‌ಬರ್ಗ್‌ನಲ್ಲಿ ಓದುವವರು ತಮ್ಮ ದಿನವನ್ನು ಹೊಂದಿಸಿಕೊಳ್ಳುವ ಬಗೆ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕಿ, ಮನೆಯಲ್ಲಿ ಬಿಸಿ ತಿಂಡಿ ತಿಂದು ಮಾನಸಗಂಗೋತ್ರಿಯ ತರಗತಿಗೆ ಹೋಗುತ್ತಿದ್ದವರ ದಿನವನ್ನು ಅರ್ಧಕ್ಕರ್ಧ ಮನೆಯವರೇ ನಡೆಸಿರುತ್ತಾರೆ. 1386ರಲ್ಲಿ ಸ್ಥಾಪನೆಯಾದ, ಇಂದಿನ ಜರ್ಮನಿಯಲ್ಲೇ ಅತ್ಯಂತ ಹಳೆಯದಾದ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಓದಿ ಮೈಸೂರಿಗೆ ಮರಳಿದ ನಾನು, ಅಲ್ಲಿಗೆ ಹೊರಟು ಸಲಹೆ ಕೇಳುವ ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಇಷ್ಟೇ: ನಾಳೆಯ ದಿನವನ್ನು ಇಂದು ರಾತ್ರಿಯೇ ಗೊತ್ತುಮಾಡಿಕೊಂಡು ಮಲಗಿ.

ವೇಳಾಪಟ್ಟಿಯನ್ನು ಓದುವುದನ್ನೇ ಮೊದಲು ಕಲಿಯಬೇಕು. ತರಗತಿಯ ಮುಂದೆ ‘10 ಸಿ.ಟಿ.’ ಎಂದಿದ್ದರೆ ಪಾಠ ಆರಂಭವಾಗುವುದು 10:15ಕ್ಕೆ, ‘ಎಸ್.ಟಿ.’ ಎಂದಿದ್ದರೆ ಸರಿಯಾಗಿ ಹತ್ತಕ್ಕೆ. ಇವು ‘ಸಮಯ ಸೇರಿಸಿ’, ‘ಸಮಯ ಸೇರಿಸದೆ’ ಎಂಬರ್ಥದ ಲ್ಯಾಟಿನ್ ಪದಗಳ ಹ್ರಸ್ವರೂಪಗಳು. ಇದು ತಿಳಿಯದೆ ಮೊದಲ ದಿನ ಖಾಲಿ ಕೊಠಡಿಯಲ್ಲಿ ಕಾಲು ಗಂಟೆ ಕುಳಿತಿದ್ದೆ. ಅದರಿಂದ ನಷ್ಟವೇನೂ ಆಗಲಿಲ್ಲ, ಆದರೆ ಪರೀಕ್ಷೆಯ ದಿನ ಈ ಎರಡು ಅಕ್ಷರಗಳನ್ನು ಅದಲುಬದಲಾಗಿ ತಿಳಿದರೆ ನಷ್ಟವಾಗುತ್ತದೆ. ಪಾಠ ಸಾಮಾನ್ಯವಾಗಿ 90 ನಿಮಿಷದ್ದಾದ್ದರಿಂದ 11:45ಕ್ಕೆ ಮುಗಿದು, ಮುಂದಿನ 12:15ರ ತರಗತಿಗೆ ಅರ್ಧ ಗಂಟೆ ಉಳಿಯುತ್ತದೆ. ಮಾನವಿಕ ವಿಭಾಗಗಳು ಹೆಚ್ಚಾಗಿ ಹಳೆಯ ಊರಿನಲ್ಲಿವೆ. ವಿಜ್ಞಾನ ವಿಭಾಗಗಳು ನೆಕ್ಕಾರ್ ನದಿಯಾಚೆಯ ನೊಯೆನ್‌ಹೈಮರ್ ಫೆಲ್ಡ್ ಆವರಣದಲ್ಲಿವೆ. ಎರಡೂ ಕಡೆ ತರಗತಿಯಿರುವವರು ಆ ಅರ್ಧ ಗಂಟೆಯನ್ನು ಬಿಡುವೆಂದು ಲೆಕ್ಕ ಹಾಕಬಾರದು. ಅದು ಬಸ್ಸಿಗೆ ಹೋಗುತ್ತದೆ.

ಮಧ್ಯಾಹ್ನದ ಊಟವನ್ನು ‘ಮೆನ್ಸಾ’ ಎಂಬ ವಿದ್ಯಾರ್ಥಿ ಭೋಜನಶಾಲೆಯಲ್ಲಿ ಮುಗಿಸುವುದು ಉತ್ತಮ, ಏಕೆಂದರೆ ಹೊರಗಿನ ಹೋಟೆಲಿನ ಬಿಲ್ಲು ದಿನವೂ ತಾಳುವಂಥದ್ದಲ್ಲ. ನದಿಯ ದಡದಲ್ಲಿ, ಹಿಂದೆ ಆಯುಧಾಗಾರವಾಗಿದ್ದ ಮಾರ್‌ಸ್ಟಾಲ್‌ನ ಕಲ್ಲಿನ ಕಟ್ಟಡದಲ್ಲಿರುವ ಮೆನ್ಸಾದಲ್ಲಿ ನೀವೇ ಬಡಿಸಿಕೊಂಡ ತಟ್ಟೆಯನ್ನು ತೂಗಿ ಹಣ ಪಡೆಯುತ್ತಾರೆ. ನಮ್ಮ ಮದುವೆಮನೆಯ ಅಭ್ಯಾಸದಂತೆ ಆಲೂಗಡ್ಡೆಯ ಮೇಲೆ ಸಾರು ಸುರಿದುಕೊಂಡರೆ ತಕ್ಕಡಿ ಸುಮ್ಮನಿರುವುದಿಲ್ಲ. ಸೊಪ್ಪು, ತರಕಾರಿಗಳಿಂದಲೇ ತಟ್ಟೆ ತುಂಬಿಸಿ. ಮಾಂಸ ತಿನ್ನದವರು ಪ್ರತಿ ಪದಾರ್ಥದ ಮುಂದಿನ ಚೀಟಿಯನ್ನು ಓದದೆ ಸೌಟು ಹಿಡಿಯಬಾರದು.

ಮನೆಗೆ ಫೋನ್ ಮಾಡುವ ಹೊತ್ತನ್ನು ಊಟದ ನಂತರಕ್ಕೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಮೂರೂವರೆ ಗಂಟೆ. ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ 1 ಗಂಟೆಯಾದಾಗ ಇಲ್ಲಿ ಅಮ್ಮ ಸಂಜೆಯ ಕಾಫಿ ಮುಗಿಸಿರುತ್ತಾರೆ. ರಾತ್ರಿ ಊಟವಾದ ಮೇಲೆ ಮಾತನಾಡೋಣವೆಂದು 8ಕ್ಕೆ ಕರೆ ಮಾಡಿದರೆ ಇಲ್ಲಿ ಹನ್ನೆರಡೂವರೆ. ಆ ಹೊತ್ತಿನಲ್ಲಿ ಫೋನ್ ಬಡಿದರೆ ಮನೆಯವರ ಎದೆ ಝಲ್ ಎನ್ನುತ್ತದೆ.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯ ಸುಮಾರಿಗೆ ಸೂರ್ಯ ಮುಳುಗುವುದರಿಂದ, ತರಗತಿ ಮುಗಿದೊಡನೆ ಕೊಠಡಿಗೆ ಹೋದವರು ಹಾಸಿಗೆ ಹಿಡಿದಂತೆಯೇ ಸರಿ. ನೇರವಾಗಿ ಪ್ಲೋಕ್ ಬೀದಿಯ ಗ್ರಂಥಾಲಯಕ್ಕೆ ನಡೆದು, ಓದು ಮುಗಿಸಿಯೇ ಹೊರಡಿ. ಬೆಳಕಿರುವ ತಿಂಗಳುಗಳಲ್ಲಿ ಮಾತ್ರ ಈ ಕಟ್ಟುಪಾಡನ್ನು ಸಡಿಲಿಸಿ, 1788ರ ಹಳೆಯ ಸೇತುವೆಯನ್ನು ದಾಟಿ ಎದುರಿನ ಗುಡ್ಡದ ತತ್ತ್ವಜ್ಞಾನಿಗಳ ಹಾದಿಯನ್ನು ಹತ್ತಬಹುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಕಾಲಿಗೆ ಅದು ಭಾರವೇನಲ್ಲ.

ಅಡುಗೆಗೆ ಮುನ್ನ ಕಿಟಕಿ ತೆರೆಯಬೇಕು. ಒಗ್ಗರಣೆಗೆ ಸಾಸಿವೆ ಸಿಡಿದು, ಬ್ಯಾಡಗಿ ಮೆಣಸಿನಕಾಯಿ ಕಪ್ಪಾಗುವಷ್ಟರಲ್ಲಿ ಮಾಡಿನ ಹೊಗೆ ಸೂಚಕ ಕಿರುಚಿಕೊಂಡು, ನಾನು ಕೈಯಲ್ಲಿ ಸೌಟು ಹಿಡಿದೇ ಕುರ್ಚಿ ಹತ್ತಿ ಟವೆಲ್ ಬೀಸಿದ್ದುಂಟು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದೆಂಬ ನಿಯಮವಿರುವುದರಿಂದ ಅಡುಗೆಯನ್ನು ಎಂಟರೊಳಗೆ ಮುಗಿಸುವುದು ಕ್ಷೇಮ.

ಭಾನುವಾರ ದಿನಸಿ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಆದ್ದರಿಂದ ಶನಿವಾರವೇ ಅಕ್ಕಿ, ಮೊಸರು, ಈರುಳ್ಳಿ ತಂದಿಟ್ಟುಕೊಳ್ಳಿ. ಹೋಗುವಾಗ ವಾರವಿಡೀ ಕೂಡಿಟ್ಟ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನೂ ಒಯ್ಯಿರಿ. ಅಂಗಡಿಯ ಯಂತ್ರದೊಳಗೆ ಹಾಕಿದರೆ, ಕೊಳ್ಳುವಾಗ ಕಟ್ಟಿದ ಠೇವಣಿಯ ಗುರುತಿರುವ ಬಾಟಲಿಗೆ 25 ಸೆಂಟ್‌ನಂತೆ ಲೆಕ್ಕ ಮಾಡಿದ ಚೀಟಿ ಹೊರಬರುತ್ತದೆ. ಅದನ್ನು ಕೌಂಟರಿನಲ್ಲಿ ಕೊಟ್ಟರೆ ಮೊಸರಿನ ದುಡ್ಡು ಅದರಲ್ಲೇ ಹುಟ್ಟುತ್ತದೆ.