ಅಜ್ಜನನ್ನೇ ಕೇಳಿ: ಇಂಗ್ಲೆಂಡಿನ ವಾರ್ಡುಗಳಿಗೆ ಹೊರಟ ನಮ್ಮ ಕಡೆಯವರಿಗೆ

ಕಳೆದ ಸಲ ನಾನು ಇಂಗ್ಲೆಂಡಿನಿಂದ ರಜೆಗೆ ಬೆಳಗಾವಿಗೆ ಬಂದಾಗ ಟಿಳಕವಾಡಿಯ ನಮ್ಮ ಮನೆಗೆ ಮೂವರು ಹುಡುಗಿಯರು ಬಂದಿದ್ದರು. ಇಬ್ಬರು ಬೈಲಹೊಂಗಲದವರು, ಒಬ್ಬಳು ಜಮಖಂಡಿಯವಳು. ಮೂವರೂ ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೊರಡುವ ತಯಾರಿಯಲ್ಲಿದ್ದರು. ಅವ್ವ ಕೊಟ್ಟ ಕುಂದಾ ತಿನ್ನುತ್ತ ಬಾಡಿಗೆ ಎಷ್ಟು, ಚಳಿ ಹೇಗೆ ಎಂದೆಲ್ಲ ಕೇಳಿದರು. ಕೊನೆಗೆ ಜಮಖಂಡಿಯವಳು, "ಅಕ್ಕಾ, ಇಂಗ್ಲಿಷ್ ಪರೀಕ್ಷೆ ಪಾಸಾದರೆ ಮಾತಿನ ಚಿಂತೆ ಮುಗಿಯಿತಲ್ಲವೇ?" ಎಂದಳು. ಚಹಾ ಆರಿಹೋಗುವವರೆಗೂ ಉತ್ತರ ಹೇಳಿದೆ. ಅವರು ಹೋದ ಮೇಲೆ, ಅರ್ಧವನ್ನೂ ಹೇಳಲಿಲ್ಲ ಅನ್ನಿಸಿತು.

ಬೆಳಗಾವಿಯಲ್ಲಿ ಕೆಲಸ ಕಲಿತವರಿಗೆ ಒಂದು ಬಲವಿದೆ. ಒಂದು ಹಾಸಿಗೆಯ ಬಳಿ ಕನ್ನಡ, ಮುಂದಿನದರ ಬಳಿ ಮರಾಠಿ, ಅದರಾಚೆ ಉರ್ದು ಎಂದು ನಾಲಿಗೆ ಹೊರಳಿಸುವುದು ನಮಗೆ ಸಹಜ. ಇದರ ಜೊತೆಗೇ ಇನ್ನೊಂದು ರೂಢಿಯೂ ಬೆಳೆದಿರುತ್ತದೆ. ರೋಗಿಯ ಪಕ್ಕದಲ್ಲಿ ಸದಾ ಮನೆಯವರಿರುತ್ತಾರೆ. ಊಟ ಸೇರಿತೇ, ನೋವು ಎಲ್ಲಿದೆ ಎಂದು ನಾವು ಮಗನನ್ನೋ ಸೊಸೆಯನ್ನೋ ಕೇಳುತ್ತೇವೆ. ಇಂಗ್ಲೆಂಡಿನಲ್ಲಿ ಮೊದಲು ಬಿಡಬೇಕಾದದ್ದು ಈ ರೂಢಿಯನ್ನೇ.

ನನಗೆ ಇದನ್ನು ಕಲಿಸಿದವರು ಹಿರಿಯರನ್ನು ಇರಿಸಿಕೊಂಡು ನೋಡಿಕೊಳ್ಳುವ ಕೇರ್ ಹೋಮ್‌ನಲ್ಲಿದ್ದ ಒಬ್ಬ ಕಿವುಡ ಅಜ್ಜ. ಹುಟ್ಟಿನಿಂದ ಕಿವಿ ಕೇಳದ ಅವರ ಭಾಷೆ ಸನ್ನೆಯದು. ವಾರಕ್ಕೊಮ್ಮೆ ಮಗಳು ಬರುತ್ತಿದ್ದಳು. ನಾನು ಅವಳನ್ನು ಕೇಳುತ್ತಿದ್ದೆ, ಅವಳು ಅಪ್ಪನನ್ನು ಕೇಳಿ "ಚೆನ್ನಾಗಿದ್ದಾರಂತೆ" ಎನ್ನುತ್ತಿದ್ದಳು, ನಾನು ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಒಮ್ಮೆ ಔಷಧಿಗಳ ಪರಿಶೀಲನೆಗೆ ಸನ್ನೆ ಭಾಷೆಯ ದುಭಾಷಿ ಬಂದರು. ಮಗಳು ಹೊರಗೆ ಹೋದ ಮೇಲೆ ಅಜ್ಜ ಎಡೆಬಿಡದೆ ಕೈಯಾಡಿಸಿದರು. ತಿಂಗಳುಗಳಿಂದ ಮೂತ್ರ ಮಾಡುವಾಗ ಉರಿಯಂತೆ. ಅದನ್ನು ಮಗಳ ಕೈಯಿಂದ ಹೇಳಿಸುವುದಕ್ಕೆ ಅವರಿಗೆ ನಾಚಿಕೆ. ನಾನು ಬರೆದ ಅಷ್ಟೂ "ಚೆನ್ನಾಗಿದ್ದಾರೆ"ಗಳು ಸುಳ್ಳಾಗಿದ್ದವು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಯ ವ್ಯವಸ್ಥೆ ಈ ತಪ್ಪಿಗೆ ಎಡೆಯಾಗಬಾರದೆಂದೇ ರೂಪುಗೊಂಡಿದೆ. 2010ರ ಸಮಾನತೆ ಕಾಯ್ದೆಯ ಪ್ರಕಾರ ಅಂಗವೈಕಲ್ಯವಿರುವವರಿಗೆ ತಕ್ಕ ಅನುಕೂಲ ಮಾಡಿಕೊಡುವುದು ಸೇವೆ ಕೊಡುವವರ ಹೊಣೆ. ಬ್ರಿಟಿಷ್ ಸನ್ನೆ ಭಾಷೆಯನ್ನು (ಬಿಎಸ್‌ಎಲ್) ಸರ್ಕಾರ 2003ರಲ್ಲಿ ಭಾಷೆಯೆಂದು ಒಪ್ಪಿತು. 2022ರಲ್ಲಿ ಅದಕ್ಕೆ ಕಾಯ್ದೆಯ ಬಲವೂ ಬಂದು, ಅದು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳ ಭಾಷೆಯಾಯಿತು. ನಿಮ್ಮ ದಿನದ ಕೆಲಸಕ್ಕೆ ಹತ್ತಿರವಾದದ್ದು ಮಾತ್ರ 2016ರಿಂದ ಜಾರಿಯಲ್ಲಿರುವ ಆಕ್ಸೆಸಿಬಲ್ ಇನ್ಫರ್ಮೇಷನ್ ಸ್ಟ್ಯಾಂಡರ್ಡ್, ಅಂದರೆ ಮಾಹಿತಿಯನ್ನು ವ್ಯಕ್ತಿಗೆ ತಿಳಿಯುವ ರೂಪದಲ್ಲಿ ಕೊಡಬೇಕೆಂಬ ನಿಯಮ. ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಯಿರಲಿ, ಸಾರ್ವಜನಿಕ ಹಣದ ಆರೈಕೆ ಕೊಡುವ ಕೇರ್ ಹೋಮ್ ಇರಲಿ, ವ್ಯಕ್ತಿಗೆ ಮಾಹಿತಿ ಯಾವ ರೂಪದಲ್ಲಿ ಬೇಕೆಂದು ಕೇಳಬೇಕು, ದಾಖಲಿಸಬೇಕು, ಕಡತ ತೆರೆದವರ ಕಣ್ಣಿಗೆ ಬೀಳುವಂತೆ ಗುರುತು ಹಾಕಬೇಕು, ಮುಂದೆ ಕಳಿಸುವಾಗ ತಿಳಿಸಬೇಕು, ಆ ಅಗತ್ಯವನ್ನು ಪೂರೈಸಲೂಬೇಕು. ಹೆಚ್ಚಾಗಿ ಎಡವುವುದು ತಿಳಿಸುವ ಹಂತದಲ್ಲಿ. ಅಜ್ಜನನ್ನು ಆಂಬುಲೆನ್ಸಿನಲ್ಲಿ ಕಳಿಸುವಾಗ "ಕಿವುಡರು, ಸನ್ನೆ ಭಾಷೆಯ ದುಭಾಷಿ ಬೇಕು" ಎಂಬ ಒಂದು ಸಾಲು ಜೊತೆಗೆ ಹೋಗದಿದ್ದರೆ, ಆಸ್ಪತ್ರೆಯಲ್ಲಿ ಅವರು ಗೋಡೆ ನೋಡುತ್ತ ಕೂರಬೇಕಾಗುತ್ತದೆ.

ಎನ್‌ಎಚ್‌ಎಸ್ ಚಿಕಿತ್ಸೆಗೆ ದುಭಾಷಿಯನ್ನು ಗೊತ್ತುಮಾಡುವ ಹೊಣೆ ಆಸ್ಪತ್ರೆ ಅಥವಾ ಜಿಪಿ (ಕುಟುಂಬ ವೈದ್ಯರ) ಚಿಕಿತ್ಸಾಲಯದ್ದು. ರೋಗಿ ಹಣ ಕೊಡಬೇಕಾಗಿಲ್ಲ. ದುಭಾಷಿಗಳ ನೋಂದಣಿ ನೋಡಿಕೊಳ್ಳುವ ಸಂಸ್ಥೆ ಎನ್‌ಆರ್‌ಸಿಪಿಡಿ. ಅದರ ಗುರುತಿನ ಚೀಟಿ ಇದೆಯೇ ನೋಡಿ. ಆರು ವಾರದ ತರಗತಿಗೆ ಹೋಗಿ ಬಂದ ಸಹೋದ್ಯೋಗಿ ಚಹಾ ಬೇಕೇ ಎಂದು ಸನ್ನೆಯಲ್ಲಿ ಕೇಳಲಿ, ಬಹಳ ಒಳ್ಳೆಯದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮಾತು ಅವರಿಂದ ಆಗಬಾರದು. ದುಭಾಷಿ ಎದುರಿಗಿದ್ದಾಗ ನೀವು ನೋಡಬೇಕಾದದ್ದು ಅಜ್ಜನ ಮುಖವನ್ನು; "ಅವರಿಗೆ ಹೀಗೆ ಹೇಳಿ" ಎನ್ನದೆ ನೇರವಾಗಿ "ನಿಮಗೆ" ಎಂದೇ ಮಾತಾಡಿ.

ಚೀಟಿ ಬರೆದು ತೋರಿಸಿದರೆ ಸಾಲದೇ ಎಂದು ಬೈಲಹೊಂಗಲದ ಹುಡುಗಿಯೊಬ್ಬಳು ಕೇಳಿದಳು. ಎಲ್ಲರಿಗೂ ಸಾಲುವುದಿಲ್ಲ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಶಾಲೆಗಳಲ್ಲಿ ಸನ್ನೆ ಬೇಡ, ತುಟಿ ನೋಡಿ ಮಾತು ಕಲಿಸಿ ಎಂದು ಗೊತ್ತುವಳಿ ಮಾಡಿತು. ಇಂದು ಎಂಬತ್ತು ದಾಟಿದ ಎಷ್ಟೋ ಕಿವುಡರು ಕಲಿತದ್ದು ಅದರ ನೆರಳಿನಲ್ಲೇ. ಸನ್ನೆ ಮಾಡಿದ್ದಕ್ಕೆ ಕೈಗೆ ಪೆಟ್ಟು ತಿಂದವರಿದ್ದಾರೆ. ಸ್ವಂತ ಭಾಷೆಯಲ್ಲಿ ಪಾಠ ಸಿಗದೆ ಅವರಲ್ಲಿ ಹಲವರಿಗೆ ಬರೆದ ಇಂಗ್ಲಿಷ್ ತೊಡಕೇ ಆಗಿ ಉಳಿದಿದೆ. ಸನ್ನೆ ಭಾಷೆಯೆಂದರೆ ಕೈಯಲ್ಲಿ ಆಡಿದ ಇಂಗ್ಲಿಷ್ ಎಂದುಕೊಳ್ಳಬೇಡಿ. ಅದರ ವ್ಯಾಕರಣವೇ ಬೇರೆ. ಪ್ರಶ್ನೆಯ ಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ: "ನಿಮ್ಮ ಹೆಸರು ಏನು?" ನಮ್ಮ ಕನ್ನಡದ ಕ್ರಮವೇ! ಇಂಗ್ಲಿಷರಿಗಿಂತ ನಮಗೆ ಇದು ಬೇಗ ಒಗ್ಗುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಭಾರತೀಯ ಸನ್ನೆ ಭಾಷೆಯಂತೆ ಎರಡೂ ಕೈಗಳಲ್ಲಿ ತೋರಿಸುತ್ತಾರೆ. ಐದು ಸ್ವರಗಳು ಎಡಗೈಯ ಐದು ಬೆರಳ ತುದಿಗಳು: ಹೆಬ್ಬೆರಳು ಎ, ತೋರುಬೆರಳು ಇ, ನಡುಬೆರಳು ಐ, ಉಂಗುರ ಬೆರಳು ಓ, ಕಿರುಬೆರಳು ಯು. ಬಲ ತೋರುಬೆರಳಿನಿಂದ ಮುಟ್ಟಿದರಾಯಿತು. ಮೂವರೂ ಕುಂದಾದ ಬಟ್ಟಲು ಬದಿಗಿಟ್ಟು ಅಲ್ಲೇ ಕಲಿತರು.

ನೀವು ನೋಡಿಕೊಳ್ಳುವ ಹಿರಿಯರಲ್ಲಿ ಹೆಚ್ಚಿನವರು ಸನ್ನೆ ಬಲ್ಲವರಲ್ಲ, ವಯಸ್ಸಾಗಿ ಕಿವಿ ಮಂದವಾದವರು. ಅವರೊಡನೆ ಕೂಗಬೇಡಿ, ಕೂಗಿದಾಗ ತುಟಿಯ ಆಕಾರ ಕೆಡುತ್ತದೆ. ಟಿವಿ ಆರಿಸಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಿ, ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಬೇರೆ ಪದಗಳಲ್ಲಿ ಹೇಳಿ. ಹೌದು ಎನ್ನಲು ನಾವು ತಲೆಯನ್ನು ಅತ್ತಿತ್ತ ತೂಗುತ್ತೇವಲ್ಲ, ಅದು ಅವರಿಗೆ ಇಲ್ಲ ಎಂದೇ ಕಾಣುತ್ತದೆ. ಶ್ರವಣ ಸಾಧನದಲ್ಲಿ ಕೆಂಪು ಗುರುತು ಬಲಗಿವಿಗೆ, ನೀಲಿ ಎಡಗಿವಿಗೆ. ಸಿಳ್ಳೆ ಕೇಳಿಸಿದರೆ ಅದು ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿದೆ. ಎನ್‌ಎಚ್‌ಎಸ್ ಕೊಟ್ಟ ಸಾಧನಕ್ಕೆ ಬ್ಯಾಟರಿ ಉಚಿತ. ಮುಗಿಯುವ ಮೊದಲೇ ತರಿಸಿಡಿ. ಸತ್ತ ಬ್ಯಾಟರಿಯ ಸಾಧನ ಹಾಕಿಕೊಂಡು ದಿನವಿಡೀ ಸುಮ್ಮನೆ ಕೂತ ಅಜ್ಜಿಯನ್ನು ಮರೆವಿನ ರೋಗಿಯೆಂದು ಭಾವಿಸಿದ್ದನ್ನು ನಾನು ಕಂಡಿದ್ದೇನೆ.

2005ರ ಮೆಂಟಲ್ ಕೆಪಾಸಿಟಿ ಕಾಯ್ದೆ ಇಲ್ಲಿಯೇ ನೆನಪಾಗಬೇಕು. ಅರಿತು ನಿರ್ಧರಿಸಲು ಒಬ್ಬರಿಂದ ಆಗದು ಎನ್ನುವ ಮೊದಲು, ಅವರಿಗೆ ಅರ್ಥವಾಗುವಂತೆ ತಿಳಿಸಲು ಸಾಧ್ಯವಿರುವ ಎಲ್ಲವನ್ನೂ ಮಾಡಿರಬೇಕು.

ಊರಿನಲ್ಲಿ ನಾವು ಸಲೀಸಾಗಿ ಆಡುವ "ಮೂಗ" ಎಂಬ ಮಾತಿಗೆ ಸಮನಾದ ಇಂಗ್ಲಿಷ್ ಪದ ಅಲ್ಲಿ ಬೈಗುಳ. ಇಲ್ಲಿಯೂ ಅದನ್ನು ಬಿಟ್ಟುಬಿಡಬೇಕೆಂಬುದು ನನ್ನ ಆಸೆ. ಕಿವಿ ಚೆನ್ನಾಗಿರುವ ಅಜ್ಜಿಯರ ಇಂಗ್ಲಿಷ್ ಕೂಡ ಪರೀಕ್ಷೆಯ ಇಂಗ್ಲಿಷ್ ಅಲ್ಲ. "ಪೂರ್ಲಿ" ಎಂದರೆ ಮೈಗೆ ಹುಷಾರಿಲ್ಲ. ಉತ್ತರ ಇಂಗ್ಲೆಂಡಿನಲ್ಲಿ "ಟೀ" ಎಂದರೆ ಸಂಜೆಯ ಊಟ. ಸಕ್ಕರೆ ಕಾಯಿಲೆಯವರು ಟೀ ಆಗಿಲ್ಲ ಎಂದರೆ ಬರೀ ಚಹಾ ಕೊಟ್ಟು ಬರಬೇಡಿ.

ನಿಮ್ಮ ತಂದೆತಾಯಿ ಅಲ್ಲಿ ನೆಲೆಸಿದ್ದರೆ ಜಿಪಿಯ ಬಳಿ ಅವರಿಗೂ ಉಚಿತ ದುಭಾಷಿ ಕೇಳಬಹುದು. ಭಾರತದವರು ಎಂದಷ್ಟೇ ಹೇಳಿ ಬಿಟ್ಟರೆ ಹಿಂದಿಯವರು ಬಂದಾರು. "ಕನ್ನಡ" ಎಂದು ಬರೆಸಿ. ಅಷ್ಟಾದರೂ ಒಂದು ಎಚ್ಚರಿಕೆ ಬೇಕು. ನಮ್ಮ ಕಡೆಯ ಅವ್ವ "ಜಡ್ಡು" ಎಂದರೆ ಕಾಯಿಲೆ, "ಹೊಟ್ಟೆ ಕಡಿತ" ಎಂದರೆ ನೋವು. ಮೈಸೂರಿನ ಕಡೆಯ ದುಭಾಷಿಗೆ ಕಡಿತವೆಂದರೆ ತುರಿಕೆ. ಇಂಥ ಮಾತುಗಳನ್ನು ಮೊದಲೇ ತಿಳಿಸಿಡಿ.

ನರ್ಸ್‌ಗಳಲ್ಲದ ಕೇರ್ ವರ್ಕರ್‌ಗಳನ್ನು ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈ 22ರಿಂದ ನಿಲ್ಲಿಸಿದೆ. ಆ ಕೆಲಸದ ಆಸೆ ತೋರಿಸುವ ಏಜೆಂಟರಿಗೆ ದಯವಿಟ್ಟು ಹಣ ಕಟ್ಟಬೇಡಿ.

ಜಮಖಂಡಿಯವಳು ಈಗ ಅಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. ಅವಳ ವಾರ್ಡಿನಿಂದ ಕಿವುಡ ಅಜ್ಜಿಯೊಬ್ಬರು ಮನೆಗೆ ಹೊರಟಿದ್ದಾರಂತೆ, ಮನೆಯಲ್ಲಿ ಒಬ್ಬರೇ. ರಾತ್ರಿ ಏನಾದರೂ ಆದರೆ ಯಾರನ್ನು ಹೇಗೆ ಕರೆಯಬೇಕು ಎಂದು ಕೇಳಿದಳು. 2022ರ ಜೂನ್‌ನಲ್ಲಿ ಶುರುವಾದ 999 ಬಿಎಸ್‌ಎಲ್ ಎಂಬ ಉಚಿತ ಆ್ಯಪ್ ಇದೆ, ಹಗಲುರಾತ್ರಿ ವಿಡಿಯೊದಲ್ಲಿ ದುಭಾಷಿ ಸಿಗುತ್ತಾರೆ, ಅವರೇ ತುರ್ತು ಸೇವೆಯವರೊಂದಿಗೆ ಮಾತಾಡುತ್ತಾರೆ ಎಂದು ಹೇಳಿದೆ. "ಮಗನ ಫೋನಿಗೆ ಹಾಕಿಕೊಡಲೇ ಅಕ್ಕಾ?" ಎಂದಳು. ಅಜ್ಜಿಯ ಫೋನಿಗೆ ಹಾಕು ಎಂದೆ.